ಕೋಲ್ಟ್ ಮಾಮ, ಸ್ಮಿತ್ ಮಾಮ ಮತ್ತು ಎರಡು ಬೀಗದ ಕೈ

ಸೆಕೆಂಡ್ ಷೋ ಬಿಟ್ಟ ಮೇಲೆ ಟೀ ಅಂಗಡಿ ಮುಂದೆ ನಿಂತು, ‘ನಿಮ್ಮ ಹೀರೋ ದೊಡ್ಡವನೋ, ನಮ್ಮ ಹೀರೋ ದೊಡ್ಡವನೋ’ ಎಂದು ಗಂಟಲು ಹರಿದುಕೊಳ್ಳದ ಹುಡುಗ ನಮ್ಮ ನಾಡಿನಲ್ಲಿ ಯಾರಾದರೂ ಇದ್ದಾನೆಯೇ? ಇದ್ದರೆ ಅವನು ಈ ಪುಟ ತಿರುಗಿಸಿ ಮುಂದಕ್ಕೆ ಹೋಗಬಹುದು. ಉಳಿದವರು ಬನ್ನಿ, ಕೂತುಕೊಳ್ಳಿ. ಇದೇ ಜಗಳವನ್ನು ಪಿಸ್ತೂಲಿನ ವಿಷಯದಲ್ಲಿ ಆಡುವ ಇಬ್ಬರು ಮುದುಕರನ್ನು ನಾನು ಅಮೆರಿಕದಲ್ಲಿ ಕಂಡು ಬಂದಿದ್ದೇನೆ. ಆ ಕಥೆ ಹೇಳುತ್ತೇನೆ.

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನಾನು ಅಮೆರಿಕಕ್ಕೆ ಹೋದದ್ದು ಹೇಗೆ ಅಂತ ಕೇಳುತ್ತೀರಿ. ಅಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಂದು ಕಲಾವಿದರ ತಂಡವನ್ನು ಕರೆಸಿಕೊಂಡಿದ್ದರು. ವರದಿ ಬರೆಯಲಿಕ್ಕೆ ಒಬ್ಬ ಬೇಕಿತ್ತು. ಹೆಸರಿಗೆ ವರದಿಗಾರ, ಕೆಲಸ ಮಾತ್ರ ಮೇಕಪ್ ಪೆಟ್ಟಿಗೆ ಹೊರುವುದು! ಕಾರ್ಯಕ್ರಮ ಮುಗಿದು ವಾಪಸ್ ವಿಮಾನಕ್ಕೆ ಇನ್ನೂ ನಾಲ್ಕು ದಿನ ಇತ್ತು. ನನಗೆ ಊಟ, ಹಾಸಿಗೆ ಕೊಟ್ಟಿದ್ದವರು ದಾವಣಗೆರೆ ಕಡೆಯ ಇಂಜಿನಿಯರ್ ಒಬ್ಬರು. ಕನೆಕ್ಟಿಕಟ್ ರಾಜ್ಯದಲ್ಲಿ ಮನೆ. ‘ನಯಾಗರ ನೋಡ್ತೀಯೇನಪ್ಪಾ?’ ಅಂದರು. ನಾನು ‘ಸಾರ್, ಕೋಲ್ಟ್ ರಿವಾಲ್ವರ್ ಮಾಡೋ ಊರು ಇಲ್ಲೇ ಅಂತಲ್ಲ, ಅದನ್ನ ತೋರಿಸಿ’ ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ ಜೋರಾಗಿ ನಕ್ಕರು. ‘ಹಾಗಾದ್ರೆ ನಮ್ಮ ಪಕ್ಕದ ಮನೆ ಮುದುಕನ್ನೇ ಕರೀಬೇಕು’ ಅಂದರು.

ಹೀಗೆ ನನಗೆ ಸಿಕ್ಕವರು ಕೋಲ್ಟ್ ಮಾಮ. ನಿಜ ಹೆಸರು ಬೇಡ. ಎಪ್ಪತ್ತರ ಆಸುಪಾಸು, ಆರಡಿ ಎತ್ತರ. ಶಾಲಾ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ತಲೆಯ ಮೇಲೆ ನೀಲಿ ಟೋಪಿ, ಟೋಪಿಯ ಮೇಲೆ ಮುಂಗಾಲೆತ್ತಿ ನಿಂತ ಕುದುರೆ.

ನೀಲಿ ಗುಮ್ಮಟದ ಊರು

ಹಾರ್ಟ್‌ಫರ್ಡ್ ಪಟ್ಟಣಕ್ಕೆ ಹೆದ್ದಾರಿಯಲ್ಲಿ ಬರುವಾಗಲೇ ಒಂದು ಗುಮ್ಮಟ ಕಾಣುತ್ತದೆ. ಈರುಳ್ಳಿಯ ಆಕಾರ, ಕಡು ನೀಲಿ ಬಣ್ಣ, ಮೈತುಂಬ ಬಂಗಾರದ ನಕ್ಷತ್ರಗಳು, ತುದಿಯಲ್ಲಿ ಅದೇ ಕುದುರೆ. ಮಸೀದಿಯೋ ಚರ್ಚೋ ಎಂದು ನಾನು ಕೇಳಿದೆ. ‘ಎರಡೂ ಅಲ್ಲ, ಪಿಸ್ತೂಲಿನ ಕಾರ್ಖಾನೆ!’ ಎಂದು ಕೋಲ್ಟ್ ಮಾಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಮ್ಮವರು ದೇವಸ್ಥಾನದ ಮುಂದೆ ಬಸ್ಸು ಹೋಗುವಾಗ ಕೆನ್ನೆ ತಟ್ಟಿಕೊಳ್ಳುವುದಿಲ್ಲವೇ, ಹಾಗೆ.

ಸ್ಯಾಮ್ಯುಯೆಲ್ ಕೋಲ್ಟ್ ಇದೇ ಊರಲ್ಲಿ 1814ರಲ್ಲಿ ಹುಟ್ಟಿದವನು. ತಿರುಗುವ ಚಕ್ರದಲ್ಲಿ ಗುಂಡುಗಳನ್ನು ಇಟ್ಟು ಒಂದರ ಹಿಂದೆ ಒಂದನ್ನು ಹಾರಿಸುವ ರಿವಾಲ್ವರಿಗೆ 1836ರಲ್ಲಿ ಪೇಟೆಂಟ್ ಪಡೆದ. ಆಗ ವಯಸ್ಸು ಬರೀ ಇಪ್ಪತ್ತೊಂದು! ಮೊದಲ ಕಾರ್ಖಾನೆ ನ್ಯೂಜೆರ್ಸಿಯಲ್ಲಿ. ಅದು ಮೊದಲ ಚಿತ್ರವೇ ಡಬ್ಬಾ ಆದಂತೆ 1842ರ ಹೊತ್ತಿಗೆ ಮುಚ್ಚಿಹೋಯಿತು. ಐದು ವರ್ಷದ ಮೇಲೆ ಮೆಕ್ಸಿಕೋ ಯುದ್ಧದ ಕಾಲಕ್ಕೆ ಟೆಕ್ಸಾಸ್ ರೇಂಜರ್ಸ್ ಪಡೆಯ ವಾಕರ್ ಎಂಬ ಕ್ಯಾಪ್ಟನ್ ಸಾವಿರ ರಿವಾಲ್ವರಿಗೆ ಆರ್ಡರ್ ತಂದ. ಅಲ್ಲಿಂದ ಹಿಂತಿರುಗಿ ನೋಡಲಿಲ್ಲ. ನದಿಯ ದಡದಲ್ಲಿ 1855ರಲ್ಲಿ ಈ ದೊಡ್ಡ ಕಾರ್ಖಾನೆ ಎದ್ದಿತು. ಆದರೆ ಕೋಲ್ಟ್ 1862ರಲ್ಲೇ ತೀರಿಕೊಂಡ. ಎರಡು ವರ್ಷದ ಮೇಲೆ ಕಾರ್ಖಾನೆಗೆ ಬೆಂಕಿ ಬಿತ್ತು. ಗಂಡನಿಲ್ಲದ ಎಲಿಜಬೆತ್ ಕೋಲ್ಟ್ ಹೆದರಲಿಲ್ಲ. ಮತ್ತೆ ಕಟ್ಟಿಸಿದಳು, ಗುಮ್ಮಟ ಸಹಿತ.

ಆಕೆ ಗಂಡ, ಮಕ್ಕಳ ನೆನಪಿಗೆ ಹತ್ತಿರದಲ್ಲೇ ಒಂದು ಚರ್ಚನ್ನೂ ಕಟ್ಟಿಸಿದ್ದಾಳೆ. ಅದರ ಒಂದು ಬಾಗಿಲಿನ ಕಲ್ಲಿನ ಕೆತ್ತನೆ ನೋಡಿ ನಾನು ಬೆಪ್ಪಾದೆ. ಹೂಬಳ್ಳಿ ಇರಬೇಕಾದ ಜಾಗದಲ್ಲಿ ರಿವಾಲ್ವರಿನ ಬಿಡಿಭಾಗಗಳು! ನಮ್ಮಲ್ಲಿ ಆಯುಧಪೂಜೆ ದಿನ ಲಾರಿಗೆ ಕುಂಬಳಕಾಯಿ ಒಡೆದರೆ ನಗುವ ಪರದೇಶದವರು ಇದನ್ನು ನೋಡಬೇಕು.

ಹಳೇ ಕಾರ್ಖಾನೆಯಲ್ಲಿ ಈಗ ಕೋವಿ ಇಲ್ಲ. ಕಂಪನಿ 1990ರ ದಶಕದಲ್ಲೇ ಪಕ್ಕದ ವೆಸ್ಟ್ ಹಾರ್ಟ್‌ಫರ್ಡಿಗೆ ಹೋಯಿತು. ಗುಮ್ಮಟದ ಕೆಳಗೆ ಇವತ್ತು ಬಾಡಿಗೆ ಮನೆಗಳಿವೆ, ಆಫೀಸುಗಳಿವೆ.

ಕೋಲ್ಟ್ ಮಾಮ ರಸ್ತೆಯಂಚಿನ ಒಂದು ಜಾಗ ತೋರಿಸಿದರು. 1986ರ ಜನವರಿಯಲ್ಲಿ ಕೋಲ್ಟಿನ ಕೆಲಸಗಾರರು ಮುಷ್ಕರ ಹೂಡಿದರು. ಮುಗಿದದ್ದು 1990ರಲ್ಲಿ. ನಾಲ್ಕು ಚಳಿಗಾಲ! ‘ನನ್ನ ಸೋದರಮಾವ ಇಲ್ಲಿ ನಿಂತಿರ್ತಾ ಇದ್ದ. ನಾನು ಬಸ್ ಡ್ಯೂಟಿ ಮುಗಿಸಿ ಅವರಿಗೆಲ್ಲ ಕಾಫಿ ತರ್ತಿದ್ದೆ’ ಅಂದರು. ‘ಹಾಗಿದ್ದೂ ಕೋಲ್ಟೇ ಬೇಕೇ ನಿಮಗೆ?’ ಎಂದೆ. ಅವರು ಗುಮ್ಮಟದ ಕಡೆ ನೋಡುತ್ತಾ, ‘ಕಂಪನಿಗೆ ಮಾಲೀಕರು ಬರ್ತಾರೆ, ಹೋಗ್ತಾರೆ. ಪಿಸ್ತೂಲು ಮಾಡಿದ್ದು ನನ್ನ ಮಾವ’ ಅಂದರು.

ನಲವತ್ತು ಕಿಲೋಮೀಟರ್ ಆಚೆ

ಹಾರ್ಟ್‌ಫರ್ಡಿನಿಂದ ಉತ್ತರಕ್ಕೆ, ಅದೇ ಕನೆಕ್ಟಿಕಟ್ ನದಿಯ ಗುಂಟ ಸುಮಾರು ನಲವತ್ತು ಕಿಲೋಮೀಟರ್ ಹೋದರೆ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್. ಬೆಂಗಳೂರಿನಿಂದ ರಾಮನಗರಕ್ಕೆ ಹೋದಷ್ಟು ದೂರ ಎನ್ನಿ. ಅಕ್ಟೋಬರ್ ಕೊನೆ. ದಾರಿಯ ಎರಡೂ ಕಡೆ ಮರದ ಎಲೆಗಳು ಕೆಂಪು, ಹಳದಿ. ಕ್ಯಾಮೆರಾಮನ್ ಯಾರಾದರೂ ಇದ್ದಿದ್ದರೆ ಅಲ್ಲೇ ಇಳಿದು ಒಂದು ಡ್ಯುಯೆಟ್ ತೆಗೆದುಬಿಡುತ್ತಿದ್ದರು.

ಕೋಲ್ಟಿನ ಎದುರಾಳಿ ಸ್ಮಿತ್ ಅಂಡ್ ವೆಸ್ಸನ್ ಬೆಳೆದದ್ದು ಇಲ್ಲಿ. ಹೊರೇಸ್ ಸ್ಮಿತ್, ಡೇನಿಯಲ್ ವೆಸ್ಸನ್ ಎಂಬಿಬ್ಬರ ಜೋಡಿ. ಇವರ ಕಥೆಯಲ್ಲಿ ನಮ್ಮ ಚಿತ್ರರಂಗದಲ್ಲಿ ಆಗುವಂಥ ಒಂದು ತಿರುವು ಇದೆ. ಒಮ್ಮೆ ಕೋಲ್ಟ್ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದ ರಾಲಿನ್ ವೈಟ್ ಎಂಬಾತ, ಚಕ್ರಕ್ಕೆ ಆರಪಾರ ತೂತು ಕೊರೆದು ಹಿಂದಿನಿಂದ ಗುಂಡು ತುಂಬುವ ಉಪಾಯಕ್ಕೆ 1855ರಲ್ಲಿ ಪೇಟೆಂಟ್ ಪಡೆದ. ಅದನ್ನು ಬಳಸುವ ಹಕ್ಕನ್ನು ಕೊಂಡವರು ಸ್ಮಿತ್ ಮತ್ತು ವೆಸ್ಸನ್. ಒಂದು ರಿವಾಲ್ವರಿಗೆ ಇಪ್ಪತ್ತೈದು ಸೆಂಟು ರಾಯಲ್ಟಿ! 1869ರಲ್ಲಿ ಆ ಪೇಟೆಂಟಿನ ಅವಧಿ ಮುಗಿಯುವ ತನಕ ಕೋಲ್ಟಿನವರು ಕೈ ಕಟ್ಟಿ ಕೂರಬೇಕಾಯಿತು. ಆಮೇಲೆ 1873ರಲ್ಲಿ ಅವರು ಬಿಟ್ಟದ್ದೇ ಕೌಬಾಯ್ ಚಿತ್ರಗಳಲ್ಲಿ ನಾವೆಲ್ಲ ನೋಡಿರುವ ಆ ‘ಪೀಸ್‌ಮೇಕರ್’. ಅಂದರೆ ಈ ಎರಡು ಬಣಗಳ ಪೈಪೋಟಿಗೆ ನೂರೈವತ್ತು ವರ್ಷ ದಾಟಿತು.

ಸ್ಪ್ರಿಂಗ್‌ಫೀಲ್ಡಿನ ಗುಡ್ಡದ ಮೇಲೆ ಸರ್ಕಾರದ ಹಳೇ ಆಯುಧ ಕಾರ್ಖಾನೆಯೂ ಇದೆ. 1968ರಲ್ಲಿ ಮುಚ್ಚಿದರು, ಈಗ ವಸ್ತುಸಂಗ್ರಹಾಲಯ. ಅಲ್ಲಿ ನೂರಾರು ಕೋವಿಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಿದ ದೊಡ್ಡ ಚೌಕಟ್ಟಿದೆ. 1843ರಲ್ಲಿ ಇಲ್ಲಿಗೆ ಬಂದಿದ್ದ ಲಾಂಗ್‌ಫೆಲೋ ಎಂಬ ಕವಿಗೆ ಇಂಥ ಸಾಲುಗಳು ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳಂತೆ ಕಂಡವಂತೆ. ಯುದ್ಧ ಬೇಡವೆಂದು ಪದ್ಯ ಬರೆದ. ಅದರ ಮುಂದೆ ಹತ್ತು ನಿಮಿಷ ನಿಂತೆ. ಎಣಿಸಲು ಹೋಗಿ ಬಿಟ್ಟೆ.

ಮ್ಯೂಸಿಯಂ ಬಾಗಿಲಲ್ಲಿ ಸ್ಮಿತ್ ಮಾಮ ಕಾಯುತ್ತಿದ್ದರು. ಕುಳ್ಳು, ದಪ್ಪ, ಬಿಳಿ ಮೀಸೆ. ಅಂಚೆ ಇಲಾಖೆಯಿಂದ ನಿವೃತ್ತಿ. ನಮ್ಮನ್ನು ನೋಡಿದ್ದೇ ತಡ, ‘ಏನಯ್ಯಾ, ನಿನ್ನ ಕುದುರೆಗೆ ಈಗ ಚೆಕ್ ದೇಶದವರು ಲಗಾಮು ಹಾಕಿದ್ದಾರಂತೆ!’ ಎಂದು ಕೂಗಿದರು. ನಿಜ. ಕೋಲ್ಟ್ ಕಂಪನಿಯನ್ನು 2021ರಲ್ಲಿ ಚೆಕ್ ದೇಶದ ಆಯುಧ ಸಂಸ್ಥೆ ಕೊಂಡುಕೊಂಡಿತು. ಕೋಲ್ಟ್ ಮಾಮ ಬಿಡುತ್ತಾರೆಯೇ? ‘ನಿನ್ನವರು ಮನೆ ಖಾಲಿ ಮಾಡ್ಕೊಂಡು ಟೆನೆಸ್ಸಿಗೆ ಓಡಿಹೋದರಲ್ಲ!’ ಅಂದರು. ಅದೂ ನಿಜ. ಸ್ಮಿತ್ ಅಂಡ್ ವೆಸ್ಸನ್‌ನ ಮುಖ್ಯ ಕಚೇರಿ 2023ರಲ್ಲಿ ದಕ್ಷಿಣದ ಟೆನೆಸ್ಸಿ ರಾಜ್ಯಕ್ಕೆ ಹೋಯಿತು. ಇಬ್ಬರೂ ಒಬ್ಬರ ಬೆನ್ನು ಒಬ್ಬರು ದಬದಬ ಗುದ್ದಿಕೊಂಡರು. ನನಗೆ ನಮ್ಮೂರ ಬಸ್ ಸ್ಟ್ಯಾಂಡೇ ಕಣ್ಮುಂದೆ ಬಂತು.

ಎಳೆಯುವವರು, ತಳ್ಳುವವರು

ಮರುದಿನ ಭಾನುವಾರ. ಕೋಲ್ಟ್ ಮಾಮನ ಊರಿನ ಗುರಿ ಅಭ್ಯಾಸದ ಕ್ಲಬ್ಬಿಗೆ ಹೋದೆವು. ಇಬ್ಬರ ಬಳಿಯೂ ಎರಡೂ ರಾಜ್ಯದ ಪರವಾನಗಿ ಇದೆ. ‘ಅಮೆರಿಕದಲ್ಲಿ ಯಾರು ಬೇಕಾದರೂ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗಬಹುದು’ ಅಂತ ಚಿತ್ರ ನೋಡಿ ತಿಳಿದಿದ್ದೆ. ಈ ಎರಡು ರಾಜ್ಯಗಳಲ್ಲಿ ಹಾಗಿಲ್ಲ. ಅರ್ಜಿ, ಬೆರಳಚ್ಚು, ತರಬೇತಿ ಎಲ್ಲಾ ಬೇಕು. ಒಂದು ರಾಜ್ಯದ ಚೀಟಿ ಇನ್ನೊಂದರಲ್ಲಿ ನಡೆಯುವುದಿಲ್ಲ.

ನನ್ನ ಕಥೆ ಕೇಳಿ. ಒಂದೇ ಒಂದು ಸಲ ಡರ್ಟಿ ಹ್ಯಾರಿಯ ಹಾಗೆ ನಿಂತು ಢಂ ಅನ್ನಿಸಬೇಕು ಅಂತ ಏಳು ಸಮುದ್ರ ದಾಟಿ ಬಂದಿದ್ದೆ. ಕೋಲ್ಟ್ ಮಾಮ ನನ್ನ ವೀಸಾ ಯಾವುದು ಎಂದು ಕೇಳಿ ತಲೆ ಅಲ್ಲಾಡಿಸಿದರು. ಪ್ರವಾಸಿ ವೀಸಾದಲ್ಲಿ ಬಂದವನು ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಅಲ್ಲಿ ಕೋವಿ ಹಿಡಿಯುವಂತಿಲ್ಲ, ಅದು ಕೇಂದ್ರದ ಕಾನೂನು. ಕಿವಿಗೆ ದೊಡ್ಡ ಮುಚ್ಚಳ ಹಾಕಿ ನನ್ನನ್ನು ಗಾಜಿನ ಹಿಂದಿನ ಬೆಂಚಿನ ಮೇಲೆ ಕೂರಿಸಿದರು. ಫಸ್ಟ್ ಡೇ ಫಸ್ಟ್ ಷೋಗೆ ಹೋಗಿ ಹೌಸ್‌ಫುಲ್ ಬೋರ್ಡ್ ನೋಡಿದ ಹಾಗಾಯಿತು!

ಆದರೆ ನೋಡಲು ಅಡ್ಡಿಯಿಲ್ಲವಲ್ಲ. ಕೋಲ್ಟ್ ಮಾಮನದು ‘ಪೈಥಾನ್’ ರಿವಾಲ್ವರ್. ಸ್ಮಿತ್ ಮಾಮನದು ಪಾಯಿಂಟ್ 44 ಮ್ಯಾಗ್ನಂ, ಮುಂದೆ ‘ಮಾಡೆಲ್ 29’ ಎಂಬ ಹೆಸರು ಪಡೆದದ್ದು. ಎರಡೂ 1955ರ ಕೂಸುಗಳು. ‘ನಾವೂ 1955ರ ಕೂಸುಗಳೇ, ಆದರೆ ಅವು ಇನ್ನೂ ಕೆಲಸ ಮಾಡ್ತವೆ’ ಎಂದು ಕೋಲ್ಟ್ ಮಾಮ ಮಂಡಿ ಹಿಡಿದುಕೊಂಡು ನಕ್ಕರು.

ಇವರ ಜಗಳಕ್ಕೆ ಬೇಕಾದ ಮಸಾಲೆ ಕಬ್ಬಿಣದಲ್ಲೇ ಇದೆ. ಹಿಡಿದವನ ಕಣ್ಣಿಂದ ನೋಡಿದರೆ ಪೈಥಾನಿನ ಚಕ್ರ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಸ್ಮಿತ್ತಿನದು ಎಡಕ್ಕೆ. ಚಕ್ರ ಬಿಚ್ಚಲು ಕೋಲ್ಟಿನಲ್ಲಿ ಗುಬುಟನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್ತಿನಲ್ಲಿ ಮುಂದಕ್ಕೆ ತಳ್ಳಬೇಕು. ‘ತಳ್ಳೋದು ಕೆಟ್ಟುನಿಂತ ಕಾರನ್ನ!’ ಎನ್ನುತ್ತಾರೆ ಇವರು. ‘ಎಳೆಯೋದು ಕತ್ತೆಯನ್ನ!’ ಎನ್ನುತ್ತಾರೆ ಅವರು. ಐವತ್ತು ವರ್ಷದಿಂದ ಇದೇ ಡೈಲಾಗಂತೆ.

ಕೋಲ್ಟ್ ಮಾಮ ಸೋಲುತ್ತಿದ್ದಾರೆ ಅನ್ನಿಸಿದಾಗ ‘1911’ರ ಹೆಸರು ಎತ್ತುತ್ತಾರೆ. ಜಾನ್ ಬ್ರೌನಿಂಗ್ ಎಂಬ ಜಾಣ ರೂಪಿಸಿ ಕೋಲ್ಟಿನವರು ತಯಾರಿಸಿದ, ಹಿಡಿಯೊಳಗೆ ಗುಂಡು ತುಂಬುವ ಪಿಸ್ತೂಲು. ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡದ್ದು, 1985ರಲ್ಲಿ ಇಟಲಿಯ ಬೆರೆಟ್ಟಾ ಬರುವ ತನಕ ಅದೇ. ‘ಎರಡು ಮಹಾಯುದ್ಧ!’ ಎಂದು ಎರಡು ಬೆರಳು ತೋರಿಸುತ್ತಾರೆ. ಸ್ಮಿತ್ ಮಾಮನ ಬ್ರಹ್ಮಾಸ್ತ್ರ ಬೇರೆ: ‘ಕ್ಲಿಂಟ್ ಈಸ್ಟ್‌ವುಡ್!’ 1971ರಲ್ಲಿ ‘ಡರ್ಟಿ ಹ್ಯಾರಿ’ ಬಂದಾಗ ಅವರಿಗೆ ಹದಿನಾರು. ಅಪ್ಪನ ಜೊತೆ ನೋಡಿ ಬಂದು ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಅವರೊಬ್ಬರಿಗೇ ಅಲ್ಲ. ಆ ಚಿತ್ರ ಬಂದ ಮೇಲೆ ಅಂಗಡಿಗಳಲ್ಲಿ ಮಾಡೆಲ್ 29ಕ್ಕೆ ಗಿರಾಕಿಗಳು ಮುಗಿಬಿದ್ದರು.

ನಾನೂ ಬಿಡಲಿಲ್ಲ. ‘1962ರ ಡಾಕ್ಟರ್ ನೋ ಚಿತ್ರದಲ್ಲಿ ಜೇಮ್ಸ್ ಬಾಂಡ್ ಕೈಯಿಂದ ಬೆರೆಟ್ಟಾ ಕಿತ್ತುಕೊಂಡು ವಾಲ್ಥರ್ ಕೊಡ್ತಾರಲ್ಲ! ನಮ್ಮಲ್ಲೂ ಒಬ್ಬ ಬಾಂಡ್ ಇದ್ದರು. 1968ರಲ್ಲಿ ಜೇಡರ ಬಲೆ, ಸಿ.ಐ.ಡಿ. 999, ನಮ್ಮ ರಾಜ್‌ಕುಮಾರ್’ ಎಂದೆ. ‘ಅವರದು ಯಾವ ಬ್ರಾಂಡು?’ ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ನನ್ನ ಬಾಯಿ ಕಟ್ಟಿತು. ‘ಅವರಿಗೆ ಬ್ರಾಂಡು ಬೇಕಿಲ್ಲ ಸಾರ್, ಅವರೇ ಬ್ರಾಂಡು’ ಅಂದೆ. ಇಂಜಿನಿಯರ್ ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಮುದುಕರಿಬ್ಬರೂ ಚಪ್ಪಾಳೆ ಹೊಡೆದರು.

ಮೂರನೇ ಕುರ್ಚಿ

ಗುಂಡು ಹಾರಿಸಿ ಮುಗಿದ ಮೇಲೆ ಹೊರಗಿನ ಮೇಜಿನ ಸುತ್ತ ಕೂತೆವು. ಸ್ಮಿತ್ ಮಾಮ ಚೀಲದಿಂದ ಒಂದು ಹಳೇ ಪ್ಲಾಸ್ಟಿಕ್ ಡಬ್ಬಿ ತೆಗೆದು ಖಾಲಿ ಕುರ್ಚಿಯೊಂದರ ಮುಂದಿಟ್ಟರು. ಒಳಗೆ ಬಿಸ್ಕತ್ತು. ಎಲ್ಲರೂ ಅದರಿಂದಲೇ ತೆಗೆದುಕೊಂಡೆವು. ಡಬ್ಬಿಯನ್ನು ಮಾತ್ರ ಆ ಕುರ್ಚಿಯ ಮುಂದಿನಿಂದ ಯಾರೂ ಸರಿಸಲಿಲ್ಲ. ‘ಇದೇನು ಸಾರ್, ನೈವೇದ್ಯವೇ?’ ಎಂದು ನಾನು ತಮಾಷೆ ಮಾಡಿದೆ.

ಇಬ್ಬರೂ ಸುಮ್ಮನಾದರು. ಆಮೇಲೆ ಸ್ಮಿತ್ ಮಾಮ ಹೇಳಿದರು. ಆ ಕುರ್ಚಿ ಅವರ ತಮ್ಮನದು. ತಮ್ಮ ಗ್ಲಾಕ್ ಅಭಿಮಾನಿ. ಗ್ಲಾಕ್ ಆಸ್ಟ್ರಿಯಾ ದೇಶದ್ದು. ಪರದೆಯ ಸರಳು ಮಾಡುತ್ತಿದ್ದ ಗ್ಯಾಸ್ಟನ್ ಗ್ಲಾಕ್ ಎಂಬಾತ ಪಿಸ್ತೂಲು ಮಾಡಲು ಹೊರಟಾಗ ನಕ್ಕವರೇ ಹೆಚ್ಚು. 1982ರಲ್ಲಿ ಅವನ ದೇಶದ ಸೈನ್ಯ ಅದನ್ನೇ ಆರಿಸಿತು. ಹಿಡಿಯ ಭಾಗ ಪ್ಲಾಸ್ಟಿಕ್ ಜಾತಿಯದು. ಅದಕ್ಕೇ ಹಳಬರೆಲ್ಲ ಅದನ್ನು ಊಟದ ಡಬ್ಬಿ ಎಂದು ಆಡಿಕೊಳ್ಳುತ್ತಾರೆ. 1990ರ ‘ಡೈ ಹಾರ್ಡ್ 2’ರಲ್ಲಿ ವಿಮಾನ ನಿಲ್ದಾಣದ ಯಂತ್ರಕ್ಕೆ ಕಾಣದ ಗ್ಲಾಕ್ ಬಗ್ಗೆ ಒಂದು ಡೈಲಾಗ್ ಇದೆ. ಶುದ್ಧ ಸುಳ್ಳು. ಕೊಳವೆ, ಮೇಲಿನ ಭಾಗ ಎಲ್ಲಾ ಉಕ್ಕೇ. ತಮ್ಮ ಆ ಚಿತ್ರ ಬಂದಾಗಿನಿಂದ ಊರಿಗೆಲ್ಲ ಇದನ್ನೇ ವಿವರಿಸಿದ್ದ. ಅಣ್ಣಂದಿರು ಪ್ರತಿ ಭಾನುವಾರ ‘ನಿನ್ನ ಪಿಸ್ತೂಲು ತಂದಿದ್ದೀವಿ ನೋಡಪ್ಪಾ’ ಎಂದು ಈ ಡಬ್ಬಿಯನ್ನು ಅವನ ಮುಂದಿಡುತ್ತಿದ್ದರು.

ಕೆಲವು ವರ್ಷದ ಹಿಂದೆ ತಮ್ಮನ ಹೆಂಡತಿ ತೀರಿಕೊಂಡಳು. ಆ ಚಳಿಗಾಲ ಅವನು ಮೂರು ಭಾನುವಾರ ಬರಲಿಲ್ಲ. ಹಿಮ ಬಿದ್ದಿದೆ, ಅದಕ್ಕೇ ಬಂದಿಲ್ಲ ಎಂದುಕೊಂಡರು ಇವರು. ನಾಲ್ಕನೇ ವಾರ ಪೊಲೀಸರಿಂದ ಫೋನ್ ಬಂತು. ಕೈಯಲ್ಲಿದ್ದದ್ದು ಯಾವ ಕಂಪನಿಯದೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನನಗೆ ತಿಳಿಯದಿದ್ದ ವಿಷಯವನ್ನು ಇಂಜಿನಿಯರ್ ಸಾಹೇಬರು ಮೆಲ್ಲಗೆ ಕನ್ನಡದಲ್ಲಿ ಹೇಳಿದರು. ಅಮೆರಿಕದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಸತ್ತವರು. ಕಳ್ಳ ಕೊಂದದ್ದಲ್ಲ, ವಿಲನ್ ಕೊಂದದ್ದಲ್ಲ. ಇದನ್ನು ಯಾವ ಚಿತ್ರದಲ್ಲಿ ತೋರಿಸಿದ್ದಾರೆ ಹೇಳಿ?

ಚಿತ್ರ ತೆಗೆಯುವ ಜಾಗದಲ್ಲೂ ಅದು ಆಟದ ಸಾಮಾನಲ್ಲ. ನಮ್ಮ ಬ್ರೂಸ್ ಲೀಯ ಮಗ ಬ್ರಾಂಡನ್ ಲೀ 1993ರಲ್ಲಿ ‘ದಿ ಕ್ರೋ’ ಶೂಟಿಂಗಿನಲ್ಲಿ ಸತ್ತ. ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಡಮ್ಮಿ ಗುಂಡಿನ ತುಂಡನ್ನು ಬರೀ ಸದ್ದಿನ ತೋಟಾ ಹೊರಗೆ ದೂಡಿತ್ತು. ವಯಸ್ಸು 28. ನನ್ನ ಓರಗೆಯವನು. 2021ರಲ್ಲಿ ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತಳು. ಅದು ಹಳೇ ಕೋಲ್ಟಿನ ಮಾದರಿಯಲ್ಲಿ ಮಾಡಿದ ರಿವಾಲ್ವರ್. ಒಳಗಿದ್ದದ್ದು ನಿಜವಾದ ಗುಂಡು.

ಹೊರಡುವ ಹೊತ್ತಿಗೆ ಒಂದು ನೋಟ ನೋಡಿದೆ, ಅದನ್ನು ಹೇಳಲಿಕ್ಕೇ ಇಷ್ಟು ಬರೆದೆ. ಸ್ಮಿತ್ ಮಾಮ ಕಾರು ಹತ್ತುವ ಮೊದಲು ಜೇಬಿನಿಂದ ಬೀಗದ ಕೈ ತೆಗೆದು ತೋರಿಸಿದರು. ಕೋಲ್ಟ್ ಮಾಮ ಕೂಡ ಒಂದು ತೆಗೆದು ತೋರಿಸಿದರು. ಇಬ್ಬರೂ ತಲೆಯಾಡಿಸಿ ಮತ್ತೆ ಜೇಬಿಗೆ ಹಾಕಿಕೊಂಡರು. ಏನಿದು ಅಂತ ಕೇಳಿದೆ.

ಕೋಲ್ಟ್ ಮಾಮನ ಮನೆಯ ಆಯುಧದ ಕಬ್ಬಿಣದ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೈ ಅವರ ಹತ್ತಿರ, ಇನ್ನೊಂದರದು ಸ್ಮಿತ್ ಮಾಮನ ಹತ್ತಿರ. ಸ್ಮಿತ್ ಮಾಮನ ಪೆಟ್ಟಿಗೆಗೂ ಹಾಗೇ. ತಮ್ಮ ಹೋದ ಮೇಲೆ ಮಾಡಿಕೊಂಡ ಒಪ್ಪಂದ. ಭಾನುವಾರ ಬೆಳಿಗ್ಗೆ ಸ್ಮಿತ್ ಮಾಮ ಬರುವ ತನಕ ಕೋಲ್ಟ್ ಮಾಮನಿಗೂ ತನ್ನ ಪೈಥಾನ್ ಮುಟ್ಟಲಾಗದು. ಸ್ಮಿತ್ ಮಾಮನ ಮನೆಯಲ್ಲೂ ಕೋಲ್ಟ್ ಮಾಮ ಶನಿವಾರ ಹೋಗಿ ತೆಗೆದುಕೊಡಬೇಕು. ‘ರಾತ್ರಿ ಮೂರು ಗಂಟೆಗೆ ನನಗೆ ಪಿಸ್ತೂಲು ಬೇಕು ಅನ್ನಿಸಿದರೆ ನಲವತ್ತು ಕಿಲೋಮೀಟರ್ ಕಾರು ಓಡಿಸಿ ಇವನನ್ನ ಎಬ್ಬಿಸಬೇಕು. ಇವನ ಬೈಗುಳ ಕೇಳಬೇಕು. ಅಷ್ಟರಲ್ಲಿ ಬೆಳಗಾಗುತ್ತೆ’ ಅಂದರು ಕೋಲ್ಟ್ ಮಾಮ.

‘ಕಳ್ಳ ಬಂದರೆ?’ ಎಂದೆ.

‘ಟಿ.ವಿ. ಎತ್ತಿಕೊಂಡು ಹೋಗಲಿ, ಹಳೇದು’ ಎಂದರು ಸ್ಮಿತ್ ಮಾಮ.

ಊರಿಗೆ ಬಂದ ಮೇಲೆ

ಓದುಗ ಮಿತ್ರರೇ, ಒಂದು ಮಾತು ಹೇಳಿ ಮುಗಿಸುತ್ತೇನೆ. ನನಗೂ ಒಬ್ಬ ಗೆಳೆಯನಿದ್ದ. ಒಂದೇ ಬೆಂಚು, ಒಂದೇ ಸೈಕಲ್ಲು, ಹೀರೋ ಮಾತ್ರ ಬೇರೆ ಬೇರೆ. ಆರು ವರ್ಷದ ಹಿಂದೆ ಒಂದು ಟಾಕೀಸಿನ ಮುಂದೆ ಕಟೌಟಿನ ಹಾರದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ನಾನೇ ಮೊದಲು ಕೈ ಎತ್ತಿದ್ದು. ಅವನ ಮುಂದಿನ ಹಲ್ಲು ಹೋಯಿತು. ಆ ಮೇಲೆ ಮಾತಿಲ್ಲ. ನಮ್ಮಿಬ್ಬರ ಹೀರೋಗಳು ಈ ಆರು ವರ್ಷದಲ್ಲಿ ಅದೆಷ್ಟು ಸಮಾರಂಭದಲ್ಲಿ ಅಕ್ಕಪಕ್ಕ ಕೂತು ನಕ್ಕರೋ ಲೆಕ್ಕವಿಲ್ಲ.

ಹಾರ್ಟ್‌ಫರ್ಡಿನಲ್ಲಿ ನೀಲಿ ಗುಮ್ಮಟದ ಒಂದು ಪೋಸ್ಟ್ ಕಾರ್ಡ್ ಕೊಂಡಿದ್ದೆ. ಬೆಂಗಳೂರಿಗೆ ಬಂದವನೇ ಅದರ ಹಿಂದೆ ಎರಡು ಸಾಲು ಬರೆದೆ: ‘ನಿನ್ನ ಹಲ್ಲಿನ ದುಡ್ಡು ಕೊಡಬೇಕು. ಬರಲೇನೋ?’ ಕೆಳಗೆ ಫೋನ್ ನಂಬರು. ಅವನ ಊರಿನ ಹಳೇ ವಿಳಾಸಕ್ಕೆ ಹಾಕಿದೆ. ಹದಿನೈದು ದಿನ ಏನೂ ಇಲ್ಲ. ಹದಿನಾರನೇ ದಿನ ರಾತ್ರಿ ಹನ್ನೊಂದಕ್ಕೆ, ಸೆಕೆಂಡ್ ಷೋ ಇಂಟರ್‌ವಲ್ ಹೊತ್ತಿಗೆ, ಮೊಬೈಲಿನಲ್ಲಿ ಒಂದು ಸಂದೇಶ ಬಂತು.

‘ಬಾ. ಆದ್ರೆ ನಿನ್ನ ಹೀರೋ ಈಗ್ಲೂ ಡಬ್ಬಾನೇ.’

ಈ ಶುಕ್ರವಾರ ಹೊರಟಿದ್ದೇನೆ. ಬಸ್ಸಿನಲ್ಲಿ ಉತ್ತರ ಯೋಚನೆ ಮಾಡಬೇಕು.